ಲಿವರ್ ಹಾಳಾದವರೆಲ್ಲ ಕುಡುಕರಲ್ಲ: ಉತ್ತರ ಕನ್ನಡದ ಆರೋಗ್ಯಾಧಿಕಾರಿಗಳಿಗೂ ನಮ್ಮ ಜನಕ್ಕೂ ಒಂದು ಬಹಿರಂಗ ಪತ್ರ

ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ, ನಮ್ಮ ಶಾಸಕರಿಗೆ, ಹಾಗೇ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇರುವ ನಮ್ಮ ಜನಕ್ಕೆ,

ನಮಸ್ಕಾರ.

ನಾನು ಕುಮಟಾದಲ್ಲಿ ಔಷಧ ಅಂಗಡಿ ನಡೆಸುವವಳು. ಡಾಕ್ಟರ್ ಅಲ್ಲ. ಆದರೆ ಕೌಂಟರ್ ಹಿಂದೆ ನಿಂತವರಿಗೆ ಚೀಟಿ ನೋಡಿದ ಕೂಡಲೇ ಆ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಅಂದಾಜು ಸಿಕ್ಕಿಬಿಡುತ್ತದೆ. ಹೊಟ್ಟೆಯ ನೀರು ಇಳಿಸುವ ಮಾತ್ರೆ, ರಕ್ತವಾಂತಿ ಆಗದಿರಲಿ ಅಂತ ಕೊಡುವ ಮಾತ್ರೆ, ಜೊತೆಗೆ ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಸಾಫ್ ಆಗಲಿ ಅಂತ ಲ್ಯಾಕ್ಟುಲೋಸ್ ಸಿರಪ್. ಮೂರೂ ಒಂದೇ ಚೀಟಿಯಲ್ಲಿ ಬಂದರೆ ಅದು ಸಾಮಾನ್ಯವಾಗಿ ಲಿವರ್ ಸಿರೋಸಿಸ್, ಅಂದರೆ ಲಿವರ್ ಗಾಯದ ಕಲೆ ತುಂಬಿ ಗಟ್ಟಿಯಾಗುವ ಕಾಯಿಲೆ.

ಈ ಚೀಟಿ ತರುವವರಲ್ಲಿ ಕುಡಿಯುವವರ ಮನೆಯವರೂ ಇದ್ದಾರೆ, ಒಂದು ಹನಿ ಮುಟ್ಟದವರ ಮನೆಯವರೂ ಇದ್ದಾರೆ. ಇಬ್ಬರೂ ತಲೆ ತಗ್ಗಿಸಿಯೇ ಬರುತ್ತಾರೆ. ಅರವತ್ತರ ಆಸುಪಾಸಿನ ಒಬ್ಬ ಅಮ್ಮ ಗಂಡನ ಔಷಧಿಗೆ ಬರುತ್ತಾರೆ. ಅಂಗಡಿಯಲ್ಲಿ ಬೇರೆ ಗಿರಾಕಿ ಇದ್ದರೆ ಪಕ್ಕಕ್ಕೆ ಸರಿದು ನಿಂತಿರುತ್ತಾರೆ. ಎಲ್ಲರೂ ಹೋದ ಮೇಲೆ ಸೆರಗಿನ ಗಂಟಿನಿಂದ ಚೀಟಿ ಬಿಚ್ಚಿ ಕೊಡುತ್ತಾರೆ. ಸಿರಪ್ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿಯೇ ಕೊಡಬೇಕು. “ಕುಡಿತ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ ನಮ್ಮನೆಯವ್ರಿಗೆ. ಆದ್ರೂ ಊರಲ್ಲಿ ಕೇಳೋರಿಗೆ ಏನು ಹೇಳೋದು ತಂಗಿ?” ಅಂತ ಕೇಳುತ್ತಾರೆ. ಅವರ ಗಂಡನಿಗೆ ಬಹಳ ವರ್ಷದಿಂದ ಶುಗರ್ ಇತ್ತು. ಲಿವರ್ ಕಡೆ ಯಾರೂ ತಿರುಗಿ ನೋಡಿರಲಿಲ್ಲ.

ನಾನು ಈ ಪತ್ರ ಬರೆಯುತ್ತಿರುವುದು ಇದಕ್ಕೇ. ಲಿವರ್ ಕಾಯಿಲೆ ಅಂದರೆ ಕುಡುಕನ ಕಾಯಿಲೆ ಅಂತ ನಾವು ಮುದ್ರೆ ಒತ್ತಿಟ್ಟಿದ್ದೇವೆ. ಕುಡಿಯದವರು ಅದರಿಂದಾಗಿ ‘ನಮಗೆ ಬರೋದಿಲ್ಲ’ ಅಂತ ಪರೀಕ್ಷೆಗೇ ಹೋಗುವುದಿಲ್ಲ. ಕುಡಿಯುವವರು ಮರ್ಯಾದೆ ಹೋಗುತ್ತದೆ ಅಂತ ಹೋಗುವುದಿಲ್ಲ. ಕೊನೆಗೆ ಇಬ್ಬರೂ ಆಸ್ಪತ್ರೆ ಮೆಟ್ಟಿಲು ಹತ್ತುವುದು ಹೊಟ್ಟೆ ಊದಿಕೊಂಡ ಮೇಲೆ.

ಮೊದಲು ಒಳಗೆ ಆಗುವುದೇನು ಅಂತ ಹೇಳುತ್ತೇನೆ. ಲಿವರ್‌ಗೆ ಪೆಟ್ಟು ಬಿದ್ದರೆ ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಆ ಶಕ್ತಿ ಅದಕ್ಕಿದೆ. ಆದರೆ ಪೆಟ್ಟು ವರ್ಷಗಟ್ಟಲೆ ಬೀಳುತ್ತಲೇ ಇದ್ದರೆ ಒಳ್ಳೆಯ ಜೀವಕೋಶ ಇದ್ದ ಜಾಗದಲ್ಲಿ ಗಾಯದ ಕಲೆಯಂಥ ನಾರು ತುಂಬಿಕೊಳ್ಳುತ್ತದೆ. ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಕರುಳಿನಿಂದ ಬರುವ ರಕ್ತವೆಲ್ಲ ಲಿವರ್ ದಾಟಿಯೇ ಹೃದಯಕ್ಕೆ ಹೋಗಬೇಕು. ಮಳೆಗಾಲದಲ್ಲಿ ಅಡಿಕೆ ತೋಟದ ಬಸಿಗಾಲುವೆ ಹೂಳು ತುಂಬಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತಿ ತೋಟಕ್ಕೇ ನುಗ್ಗುತ್ತದಲ್ಲ, ಹಾಗೆ ರಕ್ತವೂ ಹಿಂದಕ್ಕೆ ಒತ್ತುತ್ತದೆ. ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ, ಒಡೆದರೆ ರಕ್ತವಾಂತಿ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕಾಲು ಬಾಯುತ್ತದೆ. ಗುಲ್ಮ (ಸ್ಪ್ಲೀನ್) ದೊಡ್ಡದಾಗಿ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಇಳಿಯುತ್ತದೆ. ರಕ್ತದಲ್ಲಿ ಉಳಿದ ವಿಷ ತಲೆಗೇರಿ ಮನುಷ್ಯ ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ತಡವರಿಕೆ ಅಂತ ಆಗುತ್ತಾನೆ. ಇದೆಲ್ಲ ಕಾಣಿಸಿಕೊಳ್ಳುವ ಮುಂಚೆ ಹತ್ತಿಪ್ಪತ್ತು ವರ್ಷ ಲಿವರ್ ಸದ್ದಿಲ್ಲದೆ ಸವೆಯುತ್ತಿರಬಹುದು. ನೋವೂ ಇರುವುದಿಲ್ಲ. ದಯವಿಟ್ಟು ಇದೊಂದನ್ನು ನೆನಪಿಡಿ.

ಈಗ ಕುಡಿತದ ವಿಷಯ. ಕುಡಿತದ ಪಾಲು ದೊಡ್ಡದೇ, ಅದನ್ನು ನಾನು ಮುಚ್ಚಿಡುವುದಿಲ್ಲ. ನಮ್ಮ ಕರಾವಳಿಗೆ ಗೋವಾ ಮಗ್ಗುಲಲ್ಲೇ ಇದೆ. ಮಾಜಾಳಿ ದಾಟಿದರೆ ಬಾಟಲಿ ಅಗ್ಗ. ಆ ಕಡೆಯ ಮಾಲಿನ ಬಗ್ಗೆ ನಮ್ಮಲ್ಲಿ ಒಂದು ಗಟ್ಟಿ ನಂಬಿಕೆ ಬೇರೂರಿದೆ: ‘ಅದು ಒಳ್ಳೇ ಮಾಲು, ಕಲಬೆರಕೆ ಇಲ್ಲ, ಲಿವರ್‌ಗೆ ಏನೂ ಆಗೋದಿಲ್ಲ.’ ಫೆನಿಯಂತೂ ಶೀತಕ್ಕೆ ಔಷಧಿ ಅನ್ನುವವರಿದ್ದಾರೆ. ಲಿವರ್‌ಗೆ ಬ್ರ್ಯಾಂಡ್ ಗೊತ್ತಾಗುವುದಿಲ್ಲ. ದುಬಾರಿ ವಿಸ್ಕಿಯಿರಲಿ, ಫೆನಿಯಿರಲಿ, ಬಿಯರ್ ಇರಲಿ, ಒಳಗಿರುವುದು ಅದೇ ಆಲ್ಕೋಹಾಲ್. ಅದನ್ನು ಒಡೆಯುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಅನ್ನುವ ವಿಷವೂ ಅದೇ.

ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಮಾರುವ ವಿಸ್ಕಿ, ರಮ್‌ನಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೋಹಾಲ್ ಇರುತ್ತದೆ. ಒಂದು ನೈಂಟಿ (90 ಎಂಎಲ್) ಅಂದರೆ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. ಒಂದು ಕ್ವಾರ್ಟರ್ (180 ಎಂಎಲ್) ಅಂದರೆ 60 ಗ್ರಾಂ. ‘ನಾನು ಬಿಯರ್ ಮಾತ್ರ’ ಅನ್ನುವವರು ಕೇಳಿ: 8 ಶೇಕಡಾದ ಸ್ಟ್ರಾಂಗ್ ಬಿಯರ್, 650 ಎಂಎಲ್ ಬಾಟಲಿ ಒಂದರಲ್ಲಿ ಸುಮಾರು 40 ಗ್ರಾಂ ಇರುತ್ತದೆ. ನೈಂಟಿಗಿಂತ ಜಾಸ್ತಿ ಆಯ್ತಲ್ವಾ? ದಿನಕ್ಕೆ 30 ಗ್ರಾಂ ಮೀರಿ ವರ್ಷಗಟ್ಟಲೆ ಕುಡಿದರೆ ಸಿರೋಸಿಸ್ ಅಪಾಯ ಏರುತ್ತಾ ಹೋಗುತ್ತದೆ. ಹೆಂಗಸರಿಗೆ ಇನ್ನೂ ಕಡಿಮೆ ಸಾಕು. ಎಷ್ಟೇ ಕುಡಿದರೂ ಏನೂ ಆಗದವರೂ ಇದ್ದಾರೆ ನಿಜ, ದಿನಾ ಕುಡಿಯುವ ಎಲ್ಲರಿಗೂ ಸಿರೋಸಿಸ್ ಬರುವುದಿಲ್ಲ. ಆದರೆ ಯಾರಿಗೆ ಬರುತ್ತದೆ, ಯಾರಿಗೆ ಇಲ್ಲ ಅಂತ ಮೊದಲೇ ಹೇಳಲು ಆಗುವುದಿಲ್ಲ. ಕುಡಿತದ ಜೊತೆ ಬೊಜ್ಜೋ, ಶುಗರ್ರೋ, ಹೆಪಟೈಟಿಸ್ ವೈರಸ್ಸೋ ಸೇರಿಕೊಂಡರೆ ಅಪಾಯ ಹಲವು ಪಟ್ಟು. ಕುಡಿತಕ್ಕೆ ಸುರಕ್ಷಿತ ಮಟ್ಟ ಅಂತ ಯಾವುದೂ ಇಲ್ಲ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಶನಿವಾರ ಸಂಜೆ ಕುಡಿದು ಸೋಮವಾರ ಬಂದು “ಅಕ್ಕಾ, ಒಂದು ಲಿವರ್ ಟಾನಿಕ್ ಕೊಡಿ” ಅನ್ನುವ ಹುಡುಗರು ತುಂಬಾ ಇದ್ದಾರೆ. ಟಾನಿಕ್ ಕುಡಿದರೆ ಲೆಕ್ಕ ಚುಕ್ತಾ ಅಂತ ನಂಬಿದ್ದಾರೆ. ಆ ಬಾಟಲಿ ಮಾರಿದರೆ ನನಗೆ ಲಾಭವೇ. ಆದರೂ ಹೇಳುತ್ತೇನೆ, ಸಿರೋಸಿಸ್ ತಡೆಯುವ ಟಾನಿಕ್ ಯಾವುದೂ ಇಲ್ಲ. ಆ ದುಡ್ಡಿಗೆ ರಕ್ತ ಪರೀಕ್ಷೆ ಮಾಡಿಸಿ.

ಬಿಡುವವರಿಗೂ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಭ್ರಮೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಹರಕೆ ಹೊತ್ತು ಬಿಡುವುದು ಒಳ್ಳೆಯದೇ, ಆದರೆ ಡಾಕ್ಟರಿಗೆ ಹೇಳಿ ಬಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರಿಗೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಸಿರೋಸಿಸ್ ಶುರುವಾದ ಮೇಲೂ ಬಿಟ್ಟವರು ಬಿಡದವರಿಗಿಂತ ಜಾಸ್ತಿ ವರ್ಷ ಬದುಕುತ್ತಾರೆ. ‘ಹೇಗೂ ಹಾಳಾಯ್ತು, ಇನ್ನೇನು’ ಅಂತ ಯಾರೂ ಕೈ ಚೆಲ್ಲಬೇಡಿ.

ಇನ್ನು ಕುಡಿಯದವರ ಲಿವರ್. ನನಗೆ ಜಾಸ್ತಿ ಭಯ ಇರುವುದು ಇಲ್ಲೇ. ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್ ಗ್ರೇಡ್ 1’ ಅಂತ ಬಂದಿರುತ್ತದೆ. ‘ಅದು ಎಲ್ಲರಿಗೂ ಇರುತ್ತೆ ಬಿಡಿ’ ಅಂತ ಮಡಚಿ ಕಪಾಟಿನಲ್ಲಿಡುತ್ತಾರೆ. ಹೌದು, ಬಹಳ ಜನರಿಗೆ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಿಗೆ ಕೊಬ್ಬಿನ ಜೊತೆ ಉರಿಯೂತ ಶುರುವಾಗಿ, ನಾರು ಬೆಳೆದು, ಸಿರೋಸಿಸ್ ತನಕ ಹೋಗುತ್ತದೆ. ಶುಗರ್ ಇದ್ದವರಿಗೆ ಆ ಸಾಧ್ಯತೆ ಜಾಸ್ತಿ. ನಮ್ಮ ಜನರಲ್ಲಿ ಇನ್ನೊಂದು ತೊಡಕಿದೆ. ನೋಡಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ಇದು ಬರುತ್ತದೆ. ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರದ್ದು 80 ಸೆಂ.ಮೀ. ದಾಟಿದರೆ ಎಚ್ಚರ ಇರಬೇಕು. ತೂಕದಲ್ಲಿ 7ರಿಂದ 10 ಶೇಕಡಾ ಇಳಿಸಿದರೆ ಉರಿಯೂತ ತಗ್ಗುತ್ತದೆ, ನಾರು ಕೂಡ ಹಿಂದೆ ಸರಿಯಬಹುದು. 80 ಕಿಲೋ ಇದ್ದವರು 6ರಿಂದ 8 ಕಿಲೋ ಇಳಿಸಿದಂತೆ. ಸುಲಭ ಅಂತ ಹೇಳುವುದಿಲ್ಲ. ಆದರೆ ಲಿವರ್ ಕಸಿಗಿಂತ ಸುಲಭ.

ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಶುಗರ್, ಬಿಪಿ, ಕ್ಯಾನ್ಸರ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಅಧಿಕಾರಿಗಳೇ, ಕಾಗದದ ಮೇಲಿರುವ ಈ ಮಾತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಟೇಬಲ್ಲಿಗೆ ಬರಬೇಕು. 30 ದಾಟಿದವರಿಗೆ ಶುಗರ್, ಬಿಪಿ ನೋಡುವುದು ಈಗಾಗಲೇ ನಡೆಯುತ್ತಿದೆ. ಅದರಲ್ಲಿ ಶುಗರ್ ಸಿಕ್ಕವರಿಗೆ ಮೂರೇ ಮೂರು ರಕ್ತ ಪರೀಕ್ಷೆ ಸೇರಿಸಿ (ಮೊದಲೆರಡು ಲಿವರಿಗೆ ಪೆಟ್ಟು ಬಿದ್ದಿದೆಯೇ ಅಂತ ತೋರಿಸುವಂಥವು): ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್. ಇದಕ್ಕೆ ವಯಸ್ಸು ಸೇರಿಸಿದರೆ ‘ಫಿಬ್-4’ ಅನ್ನುವ ಅಂಕ ಸಿಗುತ್ತದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು, ಸಾವಿರದ ಲೆಕ್ಕದ ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ, ಇವೆರಡರ ಗುಣಲಬ್ಧದಿಂದ ಭಾಗಿಸಿ.

ಒಂದು ಉದಾಹರಣೆ ಕೊಡುತ್ತೇನೆ. 55 ವರ್ಷದವರೊಬ್ಬರ ಎಸ್‌ಜಿಒಟಿ 48, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1 ಲಕ್ಷ 60 ಸಾವಿರ ಅಂತಿಟ್ಟುಕೊಳ್ಳಿ. ಈ ವರದಿ ನೋಡಿದರೆ ಯಾರೂ ಗಾಬರಿ ಆಗುವುದಿಲ್ಲ. ಒಂದು ಸ್ವಲ್ಪ ಏರಿದೆ, ಉಳಿದೆರಡು ಸರಿಯಾಗೇ ಇವೆ. ಈಗ ಲೆಕ್ಕ ಮಾಡಿ. 55 ಗುಣಿಸು 48 ಅಂದರೆ 2640. 36ರ ವರ್ಗಮೂಲ 6. 160 ಗುಣಿಸು 6 ಅಂದರೆ 960. ಭಾಗಿಸಿದರೆ 2.75. ಈ ಅಂಕ 1.3ಕ್ಕಿಂತ ಕೆಳಗಿದ್ದರೆ ಸದ್ಯಕ್ಕೆ ಚಿಂತೆ ಇಲ್ಲ (65 ದಾಟಿದವರಿಗೆ 2.0 ತನಕ ನಡೆಯುತ್ತದೆ). 2.67 ದಾಟಿದರೆ ಲಿವರಿನಲ್ಲಿ ನಾರು ಚೆನ್ನಾಗಿಯೇ ಬೆಳೆದಿರುವ ಸಾಧ್ಯತೆ ಜಾಸ್ತಿ, ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್) ಮಾಡಿಸಲೇಬೇಕು. ‘ಎಲ್ಲಾ ನಾರ್ಮಲ್’ ಅನ್ನಿಸಿಕೊಂಡು ಮನೆಗೆ ಹೋಗುತ್ತಿದ್ದ ಮನುಷ್ಯ ಈ ಒಂದು ಲೆಕ್ಕದಿಂದ ಸಿಕ್ಕಿಬೀಳುತ್ತಾನೆ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಮೊಬೈಲ್‌ನಲ್ಲೇ ಮಾಡಬಹುದು. ಇದು ಯಾಕೆ ಪ್ರತಿ ಲ್ಯಾಬ್ ವರದಿಯ ಕೆಳಗೆ ಅಚ್ಚಾಗಿ ಬರುವುದಿಲ್ಲ ಅಂತ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ.

ಮೂರನೆಯ ದೊಡ್ಡ ಕಾರಣ ಹೆಪಟೈಟಿಸ್ ಬಿ ಮತ್ತು ಸಿ ವೈರಸ್. ಇಲ್ಲಿ ನಮ್ಮವರು ಮಾಡುವ ಗೊಂದಲ ‘ಕಾಮಾಲೆ’. ಕಾಮಾಲೆ ಬಂತು, ಹಳ್ಳಿ ಮದ್ದು ಕುಡಿದೆ, ಪಥ್ಯ ಮಾಡಿದೆ, ಹೋಯ್ತು ಅನ್ನುತ್ತಾರೆ. ನೀರಿನಿಂದ, ಊಟದಿಂದ ಬರುವ ಎ ಮತ್ತು ಇ ಕಾಮಾಲೆ ಬಹುತೇಕ ತನ್ನಷ್ಟಕ್ಕೇ ವಾಸಿಯಾಗುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಬಿ ಮತ್ತು ಸಿ ಬರುವುದು ರಕ್ತದಿಂದ, ಸೂಜಿಯಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಹೆಚ್ಚಿನವರಿಗೆ ಕಣ್ಣು ಹಳದಿ ಆಗುವುದೇ ಇಲ್ಲ. ವೈರಸ್ ಮಾತ್ರ ಒಳಗೆ ಕೂತಿರುತ್ತದೆ. 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 2.98 ಕೋಟಿ ಜನರಲ್ಲಿ ಬಿ, 55 ಲಕ್ಷ ಜನರಲ್ಲಿ ಸಿ ಇದೆ.

ಭಟ್ಕಳ, ಹೊನ್ನಾವರ, ಕುಮಟಾದ ಕಡೆ ಗಲ್ಫ್‌ಗೆ ಹೋಗುವ ಹುಡುಗರಿಗೆ ಈ ವೈರಸ್ ಮೊದಲು ಗೊತ್ತಾಗುವುದು ವೀಸಾದ ಮೆಡಿಕಲ್‌ನಲ್ಲಿ. ‘ಅನ್‌ಫಿಟ್’ ಅಂತ ಬರುತ್ತದೆ. ಮನೆಯಲ್ಲಿ ಎಲ್ಲರೂ ಕೆಲಸ ಹೋಯ್ತು ಅಂತ ಅಳುತ್ತಾರೆ. ಏಜೆಂಟಿಗೆ ಕೊಟ್ಟ ದುಡ್ಡಿನ ಚಿಂತೆ, ಅಕ್ಕತಂಗಿಯರ ಮದುವೆಯ ಚಿಂತೆ. ಲಿವರಿನ ಚಿಂತೆ ಯಾರಿಗೂ ಇಲ್ಲ. ವರದಿಯನ್ನು ಬಚ್ಚಿಟ್ಟು ಹುಡುಗ ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ. ತಮ್ಮಂದಿರೇ, ಆ ವರದಿ ಬಂದ ದಿನವೇ ಲಿವರ್ ಡಾಕ್ಟರನ್ನು ನೋಡಬೇಕು. ಬಿ ಇದ್ದವರಿಗೆಲ್ಲ ಕೂಡಲೇ ಮಾತ್ರೆ ಬೇಕಾಗುವುದಿಲ್ಲ, ಆದರೆ ಕಾಲಕಾಲಕ್ಕೆ ಪರೀಕ್ಷೆ ಬೇಕು. ಬೇಕಾದವರು ಮಾತ್ರೆ ತೆಗೆದುಕೊಂಡರೆ ವೈರಸ್ ಅಡಗಿರುತ್ತದೆ, ಲಿವರ್ ಉಳಿಯುತ್ತದೆ. ಸಿ ಆದರೆ ಇನ್ನೂ ಒಳ್ಳೆಯ ಸುದ್ದಿ. ಸಾಮಾನ್ಯವಾಗಿ 12 ವಾರ ಮಾತ್ರೆ ತಿಂದರೆ 100ಕ್ಕೆ 95 ಜನರಲ್ಲಿ ವೈರಸ್ ಪೂರ್ತಿ ಹೋಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ನನ್ನ ಅಂಗಡಿಗೆ ಬರುವ ಎಷ್ಟೋ ಜನರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ.

ಹೆಪಟೈಟಿಸ್ ಬಿ ಲಸಿಕೆ ಮಕ್ಕಳ ಕಾರ್ಯಕ್ರಮದಲ್ಲಿ ದೇಶದ ಎಲ್ಲ ಕಡೆಗೂ ಬಂದದ್ದು 2011ರಲ್ಲಿ. ಹಾಗಾಗಿ ಇವತ್ತು ದೊಡ್ಡವರಾಗಿರುವ ಹೆಚ್ಚಿನವರಿಗೆ ಅದು ಸಿಕ್ಕಿಲ್ಲ. ದೊಡ್ಡವರೂ ಮೂರು ಡೋಸ್ ಹಾಕಿಸಿಕೊಳ್ಳಬಹುದು. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಮೊದಲ ಡೋಸ್ ಬೀಳಲೇಬೇಕು, ಯಾಕೆಂದರೆ ಹೆರಿಗೆಯಲ್ಲಿ ಸೋಂಕು ತಗುಲಿದ ಮಕ್ಕಳಲ್ಲಿ 10ರಲ್ಲಿ 9 ಮಕ್ಕಳಿಗೆ ಅದು ಜೀವನಪೂರ್ತಿ ಉಳಿದುಬಿಡುತ್ತದೆ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವವರು, ಕ್ಷೌರದ ಅಂಗಡಿಗೆ ಹೋಗುವವರು ಹೊಸ ಸೂಜಿ, ಹೊಸ ಬ್ಲೇಡ್ ಕೇಳಿ ಪಡೆಯಿರಿ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು.

ಬೇರೆ ಕಾರಣಗಳೂ ಇವೆ. ದೇಹದ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ತಿರುಗಿ ಬೀಳುವ ಕಾಯಿಲೆ, ಇದು ಹೆಂಗಸರಲ್ಲಿ ಜಾಸ್ತಿ. ಪಿತ್ತನಾಳ ಮುಚ್ಚಿಕೊಂಡು ಹುಟ್ಟುವ ಕೂಸುಗಳು. ಕೂಸಿಗೆ ಎರಡು ವಾರ ದಾಟಿಯೂ ಹಳದಿ ಇಳಿಯದೆ, ಮಲ ಬೆಳ್ಳಗೆ ಬರುತ್ತಿದ್ದರೆ ಬಿಸಿಲಿಗೆ ಹಿಡಿಯುತ್ತಾ ಕೂರಬೇಡಿ, ಓಡಿ. ವಿಲ್ಸನ್ ಕಾಯಿಲೆಯಲ್ಲಿ ತಾಮ್ರ ದೇಹದಿಂದ ಹೊರಗೆ ಹೋಗುವುದಿಲ್ಲ, ಲಿವರಿನಲ್ಲೂ ಮೆದುಳಿನಲ್ಲೂ ಕೂತುಕೊಳ್ಳುತ್ತದೆ. ಓದುವ ಹುಡುಗನ ಅಕ್ಷರ ಕೆಡುತ್ತದೆ, ಕೈ ನಡುಗುತ್ತದೆ, ಗುಣ ಬದಲಾಗುತ್ತದೆ. ನಮ್ಮಲ್ಲಿ ಆಗ ಮೊದಲು ಯಾವ ದೋಷ ಅಂತ ನೋಟ ಕೇಳಲು ಹೋಗುತ್ತಾರೆ. ಸಂಬಂಧದೊಳಗೇ ಮದುವೆಯಾದ ಮನೆಗಳಲ್ಲಿ ಇದರ ಸಾಧ್ಯತೆ ಜಾಸ್ತಿ. ಒಬ್ಬರಿಗಿದ್ದರೆ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ಬೇಗ ಸಿಕ್ಕರೆ ಇದಕ್ಕೆ ಒಳ್ಳೆಯ ಔಷಧಿ ಇದೆ.

ತಾಮ್ರ ಅಂದಾಗ ಒಂದು ಹಳೆಯ ವಿಷಯ ಹೇಳಲೇಬೇಕು. ಹಿಂದೆ ನಮ್ಮ ದೇಶದ ಚಿಕ್ಕ ಮಕ್ಕಳಲ್ಲೇ ಸಿರೋಸಿಸ್ ಬಂದು, ಒಂದೇ ಮನೆಯ ಮಕ್ಕಳು ಸಾಲಾಗಿ ಸಾಯುತ್ತಿದ್ದದ್ದುಂಟು. 1980ರ ದಶಕದಲ್ಲಿ ಪುಣೆಯ ವೈದ್ಯರು ಇದರ ಬೆನ್ನು ಹತ್ತಿದರು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹಾಲು ಕಾಯಿಸಿ ಇಟ್ಟು ಕೂಸಿಗೆ ಕುಡಿಸುವುದರ ಮೇಲೆ ಬೆರಳು ತೋರಿಸಿದರು. ಸ್ಟೀಲ್ ಪಾತ್ರೆ ಬಂತು, ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಅಡುಗೆಮನೆಯ ಒಂದು ಪಾತ್ರೆ ಬದಲಾದದ್ದಕ್ಕೆ ಎಷ್ಟು ಕೂಸುಗಳು ಉಳಿದವು ನೋಡಿ.

ಕವಳದ (ಎಲೆ ಅಡಿಕೆಯ) ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ. ಅಡಿಕೆಯಿಂದಲೇ ಬದುಕು ಕಟ್ಟಿಕೊಂಡ ಮನೆಗಳೇ ನಮ್ಮ ಸುತ್ತ ಜಾಸ್ತಿ. ಆದರೂ ತೈವಾನಿನಲ್ಲಿ ನಡೆದ ಅಧ್ಯಯನಗಳಲ್ಲಿ ತಂಬಾಕು ಸೇರಿಸದ ಎಲೆ ಅಡಿಕೆ ಜಗಿಯುವವರಲ್ಲೂ ಸಿರೋಸಿಸ್ ಜಾಸ್ತಿ ಕಂಡುಬಂದಿದೆ. ಹೆಪಟೈಟಿಸ್ ಬಿ ಅಥವಾ ಸಿ ಇರುವವರು ಕವಳ ಬಿಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಗಿಡಮೂಲಿಕೆ ವಿಷಯವೂ ಹೀಗೇ. ಅಮೃತಬಳ್ಳಿ ಕಷಾಯವನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕುಡಿದರು. ಅದನ್ನು ಕುಡಿದ ಕೆಲವರಿಗೆ ಲಿವರ್ ಉರಿಯೂತ ಆದದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಬೇಲಿಯಲ್ಲಿ ಬೆಳೆದದ್ದು ಅಂದ ಮಾತ್ರಕ್ಕೆ ಸುಮ್ನೆ ತಿಂಗಳುಗಟ್ಟಲೆ ಕುಡಿಯಬಾರದು. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಕೂಡ ಲಿವರಿಗೆ ಪೆಟ್ಟು ಕೊಡಬಹುದು, ಅದನ್ನು ತಿನ್ನುವವರು ರಕ್ತ ಪರೀಕ್ಷೆ ತಪ್ಪಿಸಬೇಡಿ.

ಅಧಿಕಾರಿಗಳೇ, ಶಾಸಕರೇ, ಈಗ ನೇರವಾಗಿ ನಿಮಗೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿ ಕಡೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತವಾಗಿ ನಾಲ್ವರು ಸತ್ತರು. ಆಮೇಲೆ ಇಡೀ ಜಿಲ್ಲೆ ದೊಡ್ಡ ಆಸ್ಪತ್ರೆ ಬೇಕು ಅಂತ ಕೂಗಿತು. ಆ ಬೇಡಿಕೆ ಹಾಗೇ ಇದೆ, ನಾನೂ ಅದರಲ್ಲಿದ್ದೇನೆ. ರಾತ್ರಿ ರಕ್ತವಾಂತಿ ಮಾಡಿಕೊಂಡ ಮನುಷ್ಯನನ್ನು ಮಣಿಪಾಲಕ್ಕೋ, ಹುಬ್ಬಳ್ಳಿಗೋ, ಗೋವಾಕ್ಕೋ ಅಂತ ಯೋಚಿಸುತ್ತಾ ಗಾಡಿ ಹತ್ತಿಸುವ ಸಂಕಟ ಅನುಭವಿಸಿದವರಿಗೇ ಗೊತ್ತು. ಆದರೆ ಆಸ್ಪತ್ರೆ ಏಳುವವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ಶುಗರ್ ಇರುವ ಎಲ್ಲರಿಗೂ ಫಿಬ್-4. ದೊಡ್ಡವರಿಗೆಲ್ಲ ಜೀವನದಲ್ಲಿ ಒಮ್ಮೆಯಾದರೂ ಹೆಪಟೈಟಿಸ್ ಬಿ, ಸಿ ಪರೀಕ್ಷೆ. ಉಚಿತ ಮಾತ್ರೆ ಜಿಲ್ಲೆಯಲ್ಲಿ ಎಲ್ಲಿ, ಯಾವ ವಾರ, ಎಷ್ಟು ಗಂಟೆಗೆ ಸಿಗುತ್ತದೆ ಅಂತ ಹನ್ನೆರಡೂ ತಾಲೂಕಿನ ಆಸ್ಪತ್ರೆಗಳ ಬಾಗಿಲಲ್ಲಿ ಕನ್ನಡದಲ್ಲಿ, ಕಾಣುವ ಹಾಗೆ ಒಂದು ಬೋರ್ಡ್. ಫೈಬ್ರೋಸ್ಕ್ಯಾನ್ ಯಂತ್ರ ಒಂದನ್ನು ಗಾಡಿಯಲ್ಲಿಟ್ಟು ತಿಂಗಳಿಗೊಮ್ಮೆ ಘಟ್ಟದ ಮೇಲೆ, ತಿಂಗಳಿಗೊಮ್ಮೆ ಕರಾವಳಿಗೆ ಕಳಿಸಿ. ಮೀನುಗಾರರಿಗೆ ಶಿಬಿರ ಮಾಡುವುದಾದರೆ ಜೂನ್, ಜುಲೈನಲ್ಲಿ ಬಂದರಿನಲ್ಲೇ ಮಾಡಿ. ಬೋಟು ದಡದಲ್ಲಿರುತ್ತದೆ, ಜನ ಸಿಗುತ್ತಾರೆ.

ಶಿಬಿರಕ್ಕೆ ‘ಮದ್ಯವ್ಯಸನಿಗಳ ತಪಾಸಣೆ’ ಅಂತ ಮಾತ್ರ ಬ್ಯಾನರ್ ಕಟ್ಟಬೇಡಿ. ಒಬ್ಬರೂ ಬರುವುದಿಲ್ಲ. ‘ಲಿವರ್ ತಪಾಸಣೆ, ಎಲ್ಲರಿಗೂ’ ಅಂತ ಬರೆಯಿಸಿ. ನಮ್ಮಂಥ ಔಷಧ ಅಂಗಡಿಯವರನ್ನೂ ಕರೆಯಿರಿ. ಚೀಟಿ ಹಂಚಲು, ಹೆಸರು ಬರೆಸಲು ನಾವು ಸಿದ್ಧ. ನನ್ನ ಅಂಗಡಿಯ ಮುಂದೆ ಟೇಬಲ್ ಹಾಕಲು ಜಾಗ ಇದೆ, ಕರೆಂಟೂ ಇದೆ. ಯಾವ ದಿನ ಅಂತ ತಿಳಿಸಿ.

ಇಂತಿ,
ಕುಮಟಾದ ಒಬ್ಬ ಔಷಧ ಅಂಗಡಿಯವಳು